ಎಡಚರ ಭುಜಕ್ಕೊಗ್ಗುವ ಬಂದೂಕು

ಜಾತ್ರೆಯ ಬಯಲಿನಲ್ಲಿ ಬಲೂನು ಹೊಡೆಯುವ ಅಂಗಡಿಯನ್ನು ಕಾಣದವರು ವಿರಳ. ಹಲಗೆಯ ಮೇಲೆ ಸಾಲಾಗಿ ಕಟ್ಟಿದ ಬಣ್ಣದ ಬಲೂನುಗಳು, ಮುಂದೊಂದು ಮೇಜು, ಅದರ ಮೇಲೆ ನಳಿಗೆ ಮಡಚಿ ಗುಂಡು ತುಂಬುವ ಹಳೆಯ ಏರ್‌ಗನ್. ಎಡಗೈ ರೂಢಿಯ ಹುಡುಗನೊಬ್ಬ ಅದನ್ನೆತ್ತಿ ಸಹಜವಾಗಿಯೇ ಎಡಭುಜಕ್ಕೆ ಆನಿಸಿಕೊಂಡರೆ ಅಂಗಡಿಯವನು, “ಹಾಗಲ್ಲ ಮರಿ, ಈ ಕಡೆ” ಎಂದು ಬಲಭುಜಕ್ಕೆ ತಿರುಗಿಸಿಕೊಡುತ್ತಾನೆ. ಹುಡುಗನ ಗುರಿ ತಪ್ಪುತ್ತದೆ. ಸುತ್ತ ನಿಂತವರು ನಗುತ್ತಾರೆ. ಜಾತ್ರೆಯಲ್ಲಿ ಇದು ಐದು ನಿಮಿಷದ ಆಟ. ಆದರೆ ಅದೇ ಹುಡುಗ ಅಥವಾ ಹುಡುಗಿ ಮುಂದೆ ರೈಫಲ್ ಕ್ಲಬ್ಬಿಗೆ ಸೇರಿ ಸ್ಪರ್ಧೆಗೆ ಇಳಿಯಬೇಕೆಂದಾಗ ಅಂಗಡಿಯವನ ಆ ಮಾತೇ ದೊಡ್ಡ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ.

ಎಡಗೈಯ ಬಗೆಗಿನ ಅಸಡ್ಡೆ ಭಾಷೆಯಷ್ಟೇ ಹಳೆಯದು. ಕನ್ನಡದಲ್ಲಿ ‘ಬಲ’ ಎಂದರೆ ಒಂದು ಪಕ್ಕವೂ ಹೌದು, ಶಕ್ತಿಯೂ ಹೌದು. ‘ಎಡ’ಕ್ಕೆ ಆ ಭಾಗ್ಯವಿಲ್ಲ, ‘ಎಡವಟ್ಟು’ ಎನ್ನುವಾಗಲೂ ಕಿವಿಗೆ ಎಡವೇ ಕೇಳಿಸುತ್ತದೆ. ಹಾಗಿದ್ದೂ ಮಹಾಭಾರತದ ಶ್ರೇಷ್ಠ ಬಿಲ್ಲುಗಾರನ ಹತ್ತು ಹೆಸರುಗಳಲ್ಲಿ ಒಂದು ಸವ್ಯಸಾಚಿ. ಎರಡೂ ಕೈಗಳಿಂದ ಸಮನಾಗಿ ಗಾಂಡೀವವನ್ನು ಸೆಳೆಯಬಲ್ಲವನೆಂದು ಅರ್ಜುನನಿಗೆ ಆ ಹೆಸರು. ಅರ್ಜುನನಿಗಿದ್ದ ಒಂದು ಅನುಕೂಲವನ್ನು ಇಲ್ಲಿ ನೆನೆಯಬೇಕು. ಹಳೆಯ ಬಿಲ್ಲಿಗೆ ಎಡಬಲಗಳಿರಲಿಲ್ಲ, ಕೈ ಬದಲಿಸಿದರೆ ಸಾಕಿತ್ತು. ಇಂದಿನ ಗುರಿ ಬಂದೂಕಿಗೆ ಎಡಬಲಗಳಿವೆ.

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು ಮೊದಲಿನಿಂದಲೂ ಆಟದ ಸಾಮಾನಾಗಿರಲಿಲ್ಲ. ಜಿರಾರ್ಡೋನಿ ಎಂಬಾತ ರೂಪಿಸಿದ ವಾಯುಬಂದೂಕನ್ನು 18ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ಸೈನ್ಯವೇ ಬಳಸಿತು. ಕಾಲ ಕಳೆದಂತೆ ಅದು ಯುದ್ಧದಿಂದ ಕ್ರೀಡೆಗೆ ಬಂದು, 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಾಗಿ ನೆಲೆಯೂರಿತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ ಸ್ಪರ್ಧೆಯಲ್ಲಿ. ಇಡೀ ಗುರಿಹಲಗೆಯ ವ್ಯಾಸ 45.5 ಮಿಲಿಮೀಟರ್, ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಇಂಥ ಕಡೆ ಕೆನ್ನೆ ಕೂದಲೆಳೆಯಷ್ಟು ಸರಿದರೂ ಅಂಕ ಹೋಯಿತು.

ಬಲಗೈಯವರ ರೈಫಲ್ ಎಡಗೈಯವರನ್ನು ಕಾಡುವುದು ಈ ಸೂಕ್ಷ್ಮದಲ್ಲಿಯೇ. ರೈಫಲಿನ ಹಿಂಭಾಗಕ್ಕೆ ಶೂಟರುಗಳ ಮಾತಿನಲ್ಲಿ ಸ್ಟಾಕ್ ಎನ್ನುತ್ತಾರೆ. ಕೆನ್ನೆ ಊರಲೆಂದು ಅದರ ಎಡಪಕ್ಕದಲ್ಲಿ ಉಬ್ಬು ಕೆತ್ತಿರುತ್ತಾರೆ. ಎಡಭುಜಕ್ಕಿಟ್ಟವರ ಕೆನ್ನೆಗೆ ಸಿಗುವುದು ಉಬ್ಬಿಲ್ಲದ ಬಲಪಕ್ಕ. ಕಣ್ಣು ಗುರಿಕಂಡಿಯ ನೇರಕ್ಕೆ ಬರಬೇಕಾದರೆ ಕುತ್ತಿಗೆ ಬಾಗಿಸಬೇಕು. ಬಲ ಅಂಗೈಗೆಂದು ತಿದ್ದಿದ ಹಿಡಿ ಎಡ ಅಂಗೈಯನ್ನು ಒತ್ತುತ್ತದೆ. ಗಾಳಿ ತುಂಬುವ ಸನ್ನೆ ಬಲಗಡೆ ಇದ್ದರೆ ಪ್ರತಿ ಗುಂಡಿಗೂ ಕೈಯನ್ನು ಅಡ್ಡ ಚಾಚಿ, ನಿಂತ ನಿಲುವನ್ನೇ ಕೆಡಿಸಿಕೊಳ್ಳಬೇಕು. ಒಂದು ಸ್ಪರ್ಧೆಗೆ 60 ಗುಂಡು, ಅಭ್ಯಾಸದ ಗುಂಡುಗಳು ಬೇರೆ. ಅಷ್ಟು ಸಲ ಕೆಟ್ಟ ನಿಲುವನ್ನು ಮತ್ತೆ ಅಷ್ಟೇ ಸಲ ಕಟ್ಟಿಕೊಳ್ಳಬೇಕು. ಕೆಲವು ತಿಂಗಳಲ್ಲಿ ಕುತ್ತಿಗೆನೋವು, ಅಂಕಗಳ ಏರಿಳಿತ, ಆಮೇಲೆ ‘ಇದು ನನ್ನಿಂದಾಗದು’ ಎಂಬ ತೀರ್ಮಾನ. ಎಷ್ಟೋ ಸಲ ಸೋತದ್ದು ಹುಡುಗನಲ್ಲ, ಮರದ ಕೆತ್ತನೆ.

ಆದರೂ ಬಂದೂಕು ಕೊಳ್ಳುವ ಮೊದಲು ಪರೀಕ್ಷಿಸಬೇಕಾದದ್ದು ಕೈಯನ್ನಲ್ಲ, ಕಣ್ಣನ್ನು. ಎರಡು ಕಣ್ಣುಗಳಲ್ಲಿ ಒಂದು ಯಜಮಾನನಂತೆ ನಡೆದುಕೊಳ್ಳುತ್ತದೆ. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು ಎದುರು ಗೋಡೆಯ ಗಡಿಯಾರವನ್ನು ನೋಡಬೇಕು. ಬಳಿಕ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಯಜಮಾನ ಕಣ್ಣು. ಎಡಗೈಯವರು ಸುಮಾರು ಹತ್ತರಲ್ಲಿ ಒಬ್ಬರಾದರೆ ಎಡಗಣ್ಣಿನ ಯಜಮಾನಿಕೆ ಇರುವವರು ಸುಮಾರು ಮೂರರಲ್ಲಿ ಒಬ್ಬರು. ಹಾಗಾಗಿ ಬಲಗೈಯಲ್ಲಿ ಬರೆಯುವ ಹಲವರಿಗೂ ಎಡಭುಜವೇ ಒಗ್ಗೀತು. ಎಡಗೈಯ ಕೆಲವರಿಗೆ ಬಲಗಡೆಯ ರೈಫಲ್ಲೇ ಕೂತೀತು. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇದ್ದವರು ಗುರಿಯಿಡದ ಕಣ್ಣಿನ ಮುಂದೆ ಸಣ್ಣ ಬಿಳಿ ಪಟ್ಟಿ ಕಟ್ಟಿಕೊಳ್ಳುವುದುಂಟು. ಅದಕ್ಕೆ ನಿಯಮದ ಒಪ್ಪಿಗೆಯೂ ಇದೆ.

‘ಅಭ್ಯಾಸದಿಂದ ಕೈ ಬದಲಿಸಿಕೊಳ್ಳಬಾರದೇ?’ ಎಂದು ಕೇಳುವವರು ಹಂಗೇರಿಯ ಕಾರೋಯ್ ಟಾಕಾಚ್‌ನ ಉದಾಹರಣೆ ಕೊಡಬಹುದು. ಸೈನಿಕನೂ ಪಿಸ್ತೂಲು ಗುರಿಕಾರನೂ ಆಗಿದ್ದ ಆತನ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ನಾಶವಾಯಿತು. ಆತ ಎಡಗೈಯಲ್ಲಿ ಕಲಿತು 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ. ಮನುಷ್ಯನ ಛಲಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆತ ಕೈ ಬದಲಿಸಿದ್ದು ಬೇರೆ ಕೈ ಇಲ್ಲದ್ದಕ್ಕೆ. ಇರುವ ಒಳ್ಳೆಯ ಕೈಯನ್ನು ಬಿಡಿಸಿ ಮಗುವಿಗೆ ಹೊಸ ಕೈ ಕಲಿಸುವುದು ಛಲವೆನಿಸದು, ಮೊಂಡುತನವಾದೀತು.

ಹಾಗಾದರೆ ಮಧ್ಯಮವರ್ಗದ ಮನೆ ಏನು ಮಾಡಬೇಕು? ವಿದೇಶಿ ಕಂಪನಿಗಳು ಎಡಗೈಯವರಿಗೆಂದೇ ರೈಫಲ್ ಮಾಡುತ್ತವೆ, ಬೆಲೆ ಮಾತ್ರ ಎಲ್ಲರಿಗೂ ಎಟುಕುವಂಥದ್ದಲ್ಲ. ಅಗ್ಗದ ಮೊದಲ ಮೆಟ್ಟಿಲೆಂದರೆ ನಳಿಗೆ ಮಡಚುವ ಸ್ಪ್ರಿಂಗ್ ಬಂದೂಕು. ಅದರಲ್ಲಿ ಸನ್ನೆಯ ತಕರಾರಿಲ್ಲ. ಸ್ಟಾಕ್ ಎರಡೂ ಪಕ್ಕ ಒಂದೇ ಸಮವಿದ್ದರೆ ಎಡಚರಿಗೂ ಸಲ್ಲುತ್ತದೆ. ಆದರೆ ಗುಂಡು ನಳಿಗೆ ಬಿಡುವ ಮೊದಲೇ ಸ್ಪ್ರಿಂಗ್ ಕುಲುಕುವುದರಿಂದ ಅದು ಕಲಿಕೆಗೆ ಸರಿ, ದೊಡ್ಡ ಸ್ಪರ್ಧೆಗೆ ಸಾಲದು. ಎರಡನೆಯ ದಾರಿ ಹಳೆಯ ಸ್ಪರ್ಧಾ ರೈಫಲ್. 1960ರ ದಶಕದ ಜರ್ಮನಿಯ ಫೈನ್‌ವರ್ಕ್‌ಬೌ 300ರಂಥವುಗಳಲ್ಲಿ ಯಂತ್ರಭಾಗವೇ ಸ್ಟಾಕಿನ ಮೇಲೆ ತುಸು ಹಿಂದೆ ಜಾರುವುದರಿಂದ ಒದೆತ ಭುಜಕ್ಕೆ ತಟ್ಟುವುದಿಲ್ಲ. ಸನ್ನೆ ಬಲಗಡೆ ಇದ್ದರೂ ಎಡಗೈ ಸ್ಟಾಕ್ ಸಿಕ್ಕರೆ ಅರ್ಧ ಕಷ್ಟ ತೀರಿತು. ಮೂರನೆಯದು, ಸಿಲಿಂಡರಿನಲ್ಲಿ ಗಾಳಿ ತುಂಬುವ ರೈಫಲುಗಳಲ್ಲಿ ಕ್ಲಬ್ಬುಗಳಿಗೂ ಕಿರಿಯರಿಗೂ ತಯಾರಾದ ಸರಳ ಮಾದರಿ. ಇವುಗಳಲ್ಲಿ ಹಲವಕ್ಕೆ ಕೆನ್ನೆಹಲಗೆಯನ್ನು ಆಚೀಚೆ ಹೊರಳಿಸುವ, ಗುಂಡು ತುಂಬುವ ಹಿಡಿಕೆಯನ್ನು ಎಡಕ್ಕೆ ಬದಲಿಸುವ ಸೌಕರ್ಯವಿದೆ. ಕೈಯಲ್ಲಿರುವ ಹಣ ಒಂದೇ ಖರೀದಿಗೆ ಸಾಲುವಂತಿದ್ದರೆ ಇದೇ ಜಾಣತನದ ಆಯ್ಕೆ. ನಾಳೆ ಮಾರುವಾಗಲೂ ಕೊಳ್ಳುವವರು ಎರಡೂ ಕೈಯವರಲ್ಲಿ ಸಿಗುತ್ತಾರೆ.

ಹಳೆಯದನ್ನು ಕೊಳ್ಳುವಾಗ ಸಿಲಿಂಡರಿನ ಮೇಲೆ ಕೊರೆದ ತಾರೀಖನ್ನು ಓದಬೇಕು. ಅವಧಿ ಮೀರಿದ ಸಿಲಿಂಡರ್ ಅಪಾಯಕಾರಿ. ಅದರ ಹೊಣೆಯನ್ನು ಸ್ಪರ್ಧೆಯ ನಿಯಮ ಶೂಟರನ ಮೇಲೆಯೇ ಹಾಕುತ್ತದೆ. ತೂಕವೂ ಮುಖ್ಯ. ನಿಯಮದ ಮಿತಿ 5.5 ಕಿಲೋಗ್ರಾಂ ಎಂದ ಮಾತ್ರಕ್ಕೆ ಹನ್ನೆರಡರ ಮಗು ಅಷ್ಟನ್ನು ಹೊರಬೇಕೆಂದಿಲ್ಲ. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳಂತೆ 4.5 ಮಿಲಿಮೀಟರ್ ನಳಿಗೆಯನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ರೈಫಲಿಗೆ ಪರವಾನಗಿ ಬೇಡ. ಎಲ್ಲಕ್ಕಿಂತ ಮೊದಲು, ಕೊಳ್ಳುವ ಬಂದೂಕನ್ನು ಎಡಭುಜಕ್ಕಿಟ್ಟು, ಕಣ್ಣು ಮುಚ್ಚಿ ಕೆನ್ನೆಯೂರಿ, ಆಮೇಲೆ ಕಣ್ಣು ತೆರೆಯಬೇಕು. ಗುರಿಕಂಡಿ ತಾನಾಗಿ ಎದುರಿಗಿದ್ದರೆ ಅದು ನಿಮ್ಮ ಬಂದೂಕು. ಕುತ್ತಿಗೆ ಹುಡುಕಾಡಿದರೆ ಎಷ್ಟು ಅಗ್ಗವಾದರೂ ದುಬಾರಿಯೇ.

ಶೂಟಿಂಗ್ ಸಾಲಿನಲ್ಲಿ ಎಲ್ಲರೂ ಬಲಕ್ಕೆ ಎದೆಗೊಟ್ಟು ನಿಂತಿರುವಾಗ ಎಡಚರೊಬ್ಬರೇ ಎಡಕ್ಕೆ ತಿರುಗಿ ಪಕ್ಕದವರಿಗೆ ಮುಖಾಮುಖಿಯಾಗುತ್ತಾರೆ. ಮೊದಮೊದಲು ಇಬ್ಬರಿಗೂ ಮುಜುಗರ, ನಾಲ್ಕು ದಿನದಲ್ಲಿ ರೂಢಿ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ಎಡಗೈ ಮಕ್ಕಳು ಬಹಳ ಸಲ ಕೇಳಿಸಿಕೊಂಡಿರುತ್ತಾರೆ. ಅವರ ಪಾಲಿಗೆ ನೆಲ ಎಷ್ಟೋ ಸಲ ನಿಜವಾಗಿಯೂ ಡೊಂಕಾಗಿಯೇ ಇರುತ್ತದೆ. ಅದನ್ನು ಮಟ್ಟ ಮಾಡಿಕೊಟ್ಟ ಮೇಲೆ ಕುಣಿತ ನೋಡುವುದು ನ್ಯಾಯ.