ಎಲಿಗೆ ಮಸಿ ಹತ್ತೇತೇನ್ರಿ? ಒರೆಸಿ ನೋಡ್ರಿ!

ರಾಯಬಾಗ, ಅಥಣಿ ಕಡೆ ಕಬ್ಬಿನ ಎಲೆಗೆ ಮಸಿ ಹತ್ತುವುದು ಹೊಸದಲ್ಲ. 2002ರಲ್ಲಿ ಬೆಳಗಾವಿ ಜಿಲ್ಲೆಗೆ ಬಿಳಿ ಉಣ್ಣೆ ಹೇನು ಬಂದಾಗ ಫಡಕ್ಕೆ ಫಡವೇ ಕಪ್ಪಾಗಿತ್ತು. ಹೇನು ಸುರಿಸಿದ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು ಅದು. ರಸ ಹೀರೋದು ಹೇನು, ಬೂಷ್ಟಲ್ಲ! ಒದ್ದೆ ಅರಿವೆಯಿಂದ ಒರೆಸಿದರೆ ಹೋಗುತ್ತದೆ. ಬೂಷ್ಟಿನ ಔಷಧಕ್ಕೆ ಸುರಿದ ರೊಕ್ಕ ನೀರಾಗ ಹೋದಂಗ.

ಪಶ್ಚಿಮ ಘಟ್ಟದ ಮರಗಳ ಕಪ್ಪು ಬೂಷ್ಟು ಮೆಲಿಯೋಲ ಬೇರೆ. ಅದು ಎಲೆಯೊಳಗೇ ಬಾಯಿ ಹಾಕಿ ಉಣ್ಣುತ್ತದೆ, ಒರೆಸಿದರೂ ಬಿಡದು. ಜಾತಿ ಗುರುತಿಸಲು ಮೊದಲು ಮರದ ಹೆಸರು ಗೊತ್ತಿರಬೇಕು, ಆಮೇಲೆ ಸೂಕ್ಷ್ಮದರ್ಶಕ. ವಿ.ಬಿ. ಹೊಸಗೌಡರ ಇವುಗಳ ಮೇಲೆ 1996ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು.

ಕಬ್ಬಿನ ಹೇನನ್ನು ತಿನ್ನಲು ಡೈಫಾ, ಮೈಕ್ರೋಮಸ್ ಎಂಬ ಹುಳುಗಳುಂಟು. ಕಂಡಕಂಡ ವಿಷ ಹೊಡೆದರೆ ಸಾಯುವವು ಅವೂ ಹೌದು.