ಕತ್ತಲಲ್ಲಿ ತಿಳಿಯಾಗುವ ಕಡಲ ನೀರು

ಸಮುದ್ರದಿಂದ ಈಗಷ್ಟೇ ತುಂಬಿ ತಂದ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರೊಳಗೆ ಕಣ್ಣಿಗೆ ಕಾಣದ ಜೀವಗಳು ತುಂಬಿರುತ್ತವೆ. ಸೂಕ್ಷ್ಮ ಪಾಚಿ, ಬ್ಯಾಕ್ಟೀರಿಯಾ, ಏಡಿ-ಸಿಗಡಿಗಳ ಮರಿಗಳು, ಒಮ್ಮೊಮ್ಮೆ ಮೀನಿಗೆ ಬಿಳಿಚುಕ್ಕೆ ರೋಗ ತರುವ ಪರೋಪಜೀವಿಯೂ ಇರಬಹುದು. ಮುಚ್ಚಿದ ಕ್ಯಾನಿನಲ್ಲಿ ಇವು ಸತ್ತು ಕೊಳೆಯತೊಡಗುತ್ತವೆ. ಆಮ್ಲಜನಕ ತೀರುತ್ತದೆ, ಅಮೋನಿಯಾ ಏರುತ್ತದೆ. ಆ ಹಂತದ ನೀರನ್ನು ಅಕ್ವೇರಿಯಂಗೆ ಸುರಿದರೆ ಮೀನುಗಳಿಗೆ ಅಪಾಯ ತಪ್ಪಿದ್ದಲ್ಲ.

ಇದಕ್ಕೆ ಮದ್ದು ಹಳೆಯದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ 1871ರಲ್ಲಿ ಅಕ್ವೇರಿಯಂ ತೆರೆದಾಗ, ಅದನ್ನು ರೂಪಿಸಿದ ವಿಲಿಯಂ ಆಲ್ಫರ್ಡ್ ಲಾಯ್ಡ್ ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲ ಜಲಾಗಾರವನ್ನು ಕೆಳಗೆ ಮಾಡಿಸಿದ್ದರು. ಪಂಪುಗಳು ಎರಡರ ನಡುವೆ ನೀರನ್ನು ಸುತ್ತಿಸುತ್ತಿದ್ದವು. ಬೆಳಕಿಲ್ಲದ ಕಡೆ ಪಾಚಿ ಬದುಕದು, ಹಸಿರುಗಟ್ಟಿದ ನೀರೂ ತಿಳಿಯಾಗುತ್ತದೆ.

ಮನೆಯಲ್ಲೂ ಇದೇ ಉಪಾಯ ಮಾಡಬಹುದು. ಆದರೆ ಮಂಗಳೂರಿನಂಥ ಊರಿನಲ್ಲಿ ನೀರು ತುಂಬುವ ಜಾಗ, ಕಾಲ ಎರಡೂ ಮುಖ್ಯ. ನೇತ್ರಾವತಿ, ಗುರುಪುರ ಹೊಳೆಗಳು ಇಲ್ಲಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಅವುಗಳ ಕೆಂಪು ನೀರು ದಡದ ಉಪ್ಪಿನಂಶವನ್ನೇ ಇಳಿಸಿಬಿಡುತ್ತದೆ. ತೆರೆದ ಕಡಲಲ್ಲಾದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಹಾಗಾಗಿ ಬೇಸಿಗೆಯ ಉಬ್ಬರದ ಹೊತ್ತು, ಅಳಿವೆಯಿಂದಲೂ ಡೀಸೆಲ್ ತೇಲುವ ದಕ್ಕೆಯಿಂದಲೂ ದೂರದ ದಡ ಒಳ್ಳೆಯದು. ರಾತ್ರಿ ಅಲೆಗಳು ನೀಲಿಯಾಗಿ ಮಿನುಗುತ್ತಿದ್ದರೆ ಕ್ಯಾನು ಖಾಲಿಯೇ ವಾಪಸಾಗಲಿ. ಆ ಬೆಳಕಿಗೆ ಕಾರಣವಾಗುವ ನೊಕ್ಟಿಲುಕಾ ಎಂಬ ಸೂಕ್ಷ್ಮಜೀವಿ ತನ್ನೊಡಲಲ್ಲಿ ಅಮೋನಿಯಾ ತುಂಬಿಕೊಂಡಿರುತ್ತದೆ.

ತಂದ ನೀರನ್ನು ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಆಹಾರಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಸಿ, ಬೆಳಕು ತಾಗದ ತಂಪು ಮೂಲೆಯಲ್ಲಿ ಎರಡು-ಮೂರು ವಾರ ಅಲುಗಾಡಿಸದೆ ಇಡಬೇಕು. ತಾಮ್ರದ ಹಂಡೆ, ಹಿತ್ತಾಳೆ ನಲ್ಲಿ ಹತ್ತಿರವೂ ಬರಬಾರದು. ತಾಮ್ರದ ಲವಲೇಶವೂ ಸಿಗಡಿ, ಹವಳಗಳಿಗೆ ವಿಷ. ಅವಧಿ ಮುಗಿದಾಗ ತಳದಲ್ಲಿ ಕಂದು ಗಸಿ ಕೂತಿರುತ್ತದೆ. ಅದು ಕದಡದಂತೆ ಮೇಲಿನ ತಿಳಿಯನ್ನಷ್ಟೇ ಪೈಪಿನಿಂದ ಇಳಿಸಿಕೊಂಡು, ಒಂದು ದಿನ ಗಾಳಿ ಪಂಪು ಓಡಿಸಬೇಕು. ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಆ ನೀರಿನ ಆಸೆ ಬಿಡುವುದೇ ಸರಿ.

ಬ್ಲೀಚಿಂಗ್ ದ್ರಾವಣ ಹಾಕಿ, ಆಮೇಲೆ ಥಯೋಸಲ್ಫೇಟ್‌ನಿಂದ ಕ್ಲೋರಿನ್ ತೆಗೆಯುವ ಕ್ರಮ ಸಿಗಡಿ ಮರಿಕೇಂದ್ರಗಳಲ್ಲಿದೆ. ಆದರೆ ಅಳತೆ ತಪ್ಪಿದರೆ ಉಳಿದ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಮನೆಯ ಮಟ್ಟಿಗೆ ಕತ್ತಲೆಯನ್ನೇ ನಂಬುವುದು ಲೇಸು.

ಬಳಸುವ ಮೊದಲು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇದೆಯೇ ಎಂದು ನೋಡಿಕೊಳ್ಳಬೇಕು. ಈ ದಾಸ್ತಾನು ಅಕ್ವೇರಿಯಂನ ನೀರು ಬದಲಿಸುವುದಕ್ಕೆ ಮಾತ್ರ. ಆವಿಯಾಗುವಾಗ ನೀರಷ್ಟೇ ಹೋಗಿ ಉಪ್ಪು ಅಲ್ಲೇ ಉಳಿಯುವುದರಿಂದ, ಆ ಕೊರತೆಯನ್ನು ಕ್ಲೋರಿನ್ ಇಲ್ಲದ ಶುದ್ಧ ಸಿಹಿನೀರಿನಿಂದಲೇ ತುಂಬಬೇಕು.