ಪವರ್ ಬ್ಯಾಂಕ್ ಬಿಸಿ ಆಗ್ತಿದೆಯಾ? ಮೊದಲು ಎಲ್ಲಿ ಅಂತ ನೋಡಿ

ಹೊಸಪೇಟೆಯನ್ನು ಬಿಟ್ಟರೆ ವಿಜಯನಗರ ಜಿಲ್ಲೆ ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲೂಕುಗಳಲ್ಲಿ ಮೊಬೈಲ್ ಚಾರ್ಜ್ ಅನ್ನೋದು ರೀಲ್ಸ್ ನೋಡುವುದಕ್ಕಷ್ಟೇ ಬೇಕಾದದ್ದಲ್ಲ. ರಾತ್ರಿ ಪಾಳಿಯಲ್ಲಿ ಮೂರು ಫೇಸ್ ಕರೆಂಟ್ ಬಂದಾಗ ಪಂಪ್ ಹಾಕಲು ಹೊಲಕ್ಕೆ ಹೋಗುವವರಿಗೆ ಮೊಬೈಲೇ ಟಾರ್ಚು. ಗುಡೇಕೋಟೆ ಕಡೆ ಕರಡಿ ಓಡಾಡುವ ಜಾಗದಲ್ಲಿ ಆ ಟಾರ್ಚ್ ಬಂದ್ ಆದರೆ ಏನು ಗತಿ? ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆ ಬರುವವರು, ಮೈಲಾರದ ಕಾರ್ಣಿಕಕ್ಕೆ ಹೋಗುವವರು ದಿನಗಟ್ಟಲೆ ಪ್ಲಗ್ ಸಿಗದೆ ಓಡಾಡುತ್ತಾರೆ.

ಹಾಗಾಗಿ ನಮ್ಮ ಕಡೆ ಹುಡುಗರು ತಾವೇ ಚಾರ್ಜರ್ ಮಾಡಿಕೊಳ್ಳುತ್ತಾರೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಸೆಲ್ ತೆಗೆಯೋದು, ಆನ್‌ಲೈನ್‌ನಲ್ಲಿ ಎರಡು ಪುಟ್ಟ ಬೋರ್ಡ್ ತರಿಸೋದು, ಟಿಫಿನ್ ಡಬ್ಬಿಯಲ್ಲಿ ಕೂರಿಸೋದು. ಎಲೆಕ್ಟ್ರಾನಿಕ್ಸ್ ಓದಿದವನು ಅಂತ ಊರಿಗೆ ಹೋದಾಗಲೆಲ್ಲ ನನ್ನ ಕೈಗೆ ಇಂಥದ್ದೊಂದು ಡಬ್ಬಿ ಬರುತ್ತದೆ. ದೂರು ಮಾತ್ರ ಯಾವಾಗಲೂ ಒಂದೇ: "ಭಾಳ ಕಾಯ್ತೈತಿ, ಏನ್ ಮಾಡ್ಲಿ?"

ಹೆಚ್ಚಿನವರು ಹುಡುಕುವ ಪರಿಹಾರ ಡಬ್ಬಿಗೆ ತೂತು ಕೊರೆಯೋದು, ಇಲ್ಲವೇ ಪುಟ್ಟ ಫ್ಯಾನ್ ಹಾಕೋದು. ಅದು ಜ್ವರ ಬಂದವನಿಗೆ ಬೀಸಣಿಗೆ ಬೀಸಿದ ಹಾಗೆ. ಮೊದಲು ಬಿಸಿ ಎಲ್ಲಿ ಹುಟ್ಟುತ್ತಿದೆ ಅಂತ ಗೊತ್ತಾಗಬೇಕು. ಇಂಥ ಡಬ್ಬಿಯಲ್ಲಿ ಬಿಸಿಯಾಗುವ ಜಾಗ ನಾಲ್ಕೇ: ಚಾರ್ಜಿಂಗ್ ಬೋರ್ಡ್, ವೋಲ್ಟೇಜ್ ಏರಿಸುವ ಬೋರ್ಡ್, ವೈರು-ಬೆಸುಗೆ, ಕೊನೆಗೆ ಸೆಲ್. ಮೊದಲ ಮೂರನ್ನು ರಿಪೇರಿ ಮಾಡಬಹುದು. ನಾಲ್ಕನೆಯದಕ್ಕೆ ರಿಪೇರಿ ಇಲ್ಲ.

ಡಬ್ಬಿಗೆ ಚಾರ್ಜ್ ಹಾಕಿದಾಗ ಬಿಸಿಯಾದರೆ

ಸೆಲ್ ಚಾರ್ಜ್ ಮಾಡಲು ಎಲ್ಲರೂ ಬಳಸೋದು ಟಿಪಿ4056 ಎಂಬ ಚಿಪ್ ಇರುವ ಬೋರ್ಡ್. ಒಳಗೆ ಬರುವುದು 5 ವೋಲ್ಟ್, ಸೆಲ್ ಖಾಲಿಯಿದ್ದಾಗ ಅದರಲ್ಲಿರುವುದು ಸುಮಾರು 3 ವೋಲ್ಟ್. ನಡುವಿನ 2 ವೋಲ್ಟ್ ಎಲ್ಲಿಗೆ ಹೋಗುತ್ತೆ? ಚಿಪ್ ಅದನ್ನು ಬಿಸಿಯಾಗಿ ಸುಡುತ್ತದೆ. ಕರೆಂಟ್ 1 ಆಂಪ್ ಇದ್ದರೆ 2 ವ್ಯಾಟ್ ಬಿಸಿ, ಅದೂ ಶೇಂಗಾ ಬೀಜಕ್ಕಿಂತ ಚಿಕ್ಕ ಚಿಪ್ಪಿನಲ್ಲಿ. ಮುಟ್ಟಿದರೆ ಚುರ್ ಅನ್ನೋದು ಸಹಜ. ತೀರಾ ಕಾದರೆ ಅದೇ ಕರೆಂಟ್ ಇಳಿಸಿಕೊಳ್ಳುತ್ತದೆ.

ತೊಂದರೆ ಬೇರೆ ಕಡೆ ಇದೆ. ಜಾಗ ಉಳಿಸಲು ಈ ಬೋರ್ಡನ್ನು ಡಬಲ್ ಟೇಪ್ ಹಾಕಿ ನೇರ ಸೆಲ್ ಮೈಮೇಲೇ ಅಂಟಿಸಿರುತ್ತಾರೆ. ಆಗ ಚಿಪ್ಪಿನ ಬಿಸಿಯೆಲ್ಲ ಸೆಲ್ಲಿಗೆ. ಬೋರ್ಡನ್ನು ಬಿಡಿಸಿ ಡಬ್ಬಿಯ ಇನ್ನೊಂದು ಮೂಲೆಗೆ ಹಾಕಿ, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಬೆಸುಗೆ ಬರುವವರು ಇನ್ನೊಂದು ಕೆಲಸ ಮಾಡಬಹುದು. ಕರೆಂಟ್ ಎಷ್ಟೆಂದು ನಿರ್ಧರಿಸುವ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 2 ಕಿಲೋಓಮ್ ಹಾಕಿದರೆ, 1 ಆಂಪ್ ಇದ್ದದ್ದು ಸುಮಾರು 580 ಮಿಲಿಆಂಪ್‌ಗೆ ಇಳಿಯುತ್ತದೆ. ಬಿಸಿಯೂ ಹೆಚ್ಚುಕಮ್ಮಿ ಅರ್ಧ. 4000 ಎಂಎಎಚ್ ತುಂಬಲು ಏಳೆಂಟು ಗಂಟೆ ಬೇಕು. ಬೆಳಗಿನ ಜಾವ ಹಾಕಿದರೆ ಬಿಸಿಲು ಏರುವಷ್ಟರಲ್ಲಿ ಬಹುಪಾಲು ತುಂಬಿರುತ್ತೆ, ನೀವೂ ಎಚ್ಚರ ಇರ್ತೀರಿ.

ಇತ್ತ ಡಬ್ಬಿ ಚಾರ್ಜ್ ಆಗ್ತಿರುವಾಗಲೇ ಅತ್ತ ಫೋನ್ ಸಿಕ್ಕಿಸಬೇಡಿ. ಸೆಲ್ ತುಂಬಿತೋ ಇಲ್ಲವೋ ಅಂತ ಚಿಪ್ಪಿಗೆ ಲೆಕ್ಕ ತಪ್ಪುತ್ತದೆ. ಚಾರ್ಜಿಂಗ್ ನಿಲ್ಲೋದೇ ಇಲ್ಲ.

ಫೋನ್ ಸಿಕ್ಕಿಸಿದಾಗ ಬಿಸಿಯಾದರೆ

ಸೆಲ್ಲಿನ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವ ಬೂಸ್ಟ್ ಬೋರ್ಡ್ ಈಗ ಕೆಲಸಕ್ಕೆ ಬರುತ್ತದೆ. ಫೋನ್ 2 ಆಂಪ್ ಎಳೆದರೆ 10 ವ್ಯಾಟ್. ಬೋರ್ಡ್ ಶೇಕಡಾ 85ರಷ್ಟು ದಕ್ಷ ಅಂತಿಟ್ಟುಕೊಳ್ಳಿ. ಸೆಲ್ಲಿನಿಂದ ಸುಮಾರು 11.8 ವ್ಯಾಟ್ ಎಳೆಯಬೇಕು, ಅಂದರೆ 3.2 ಆಂಪ್. ಸೆಲ್ ಇಳಿದು 3.2 ವೋಲ್ಟಿಗೆ ಬಂದಾಗ ಅದೇ 3.7 ಆಂಪ್ ಆಗುತ್ತದೆ. ಅದಕ್ಕೇ ಚಾರ್ಜ್ ಮುಗೀತಾ ಬಂದ ಹಾಗೆ ಡಬ್ಬಿ ಇನ್ನೂ ಕಾಯೋದು. ಅಗ್ಗದ ಪುಟ್ಟ ಬೋರ್ಡುಗಳಲ್ಲಿ ಬರೆದಿರುವ ಆಂಪ್ ಲೆಕ್ಕವನ್ನು ಅರ್ಧ ಅಂತಲೇ ಹಿಡಿಯಿರಿ. ಬರೆದದ್ದು 1 ಆಂಪ್ ಇದ್ದರೆ ಅರ್ಧ ಆಂಪ್ ಮಾತ್ರ ನಂಬಬಹುದು.

ವೈರಿಗೂ ಇದೇ ಲೆಕ್ಕ. ಬೆಸುಗೆ ಸರಿ ಕೂರದೆ ಒಂದು ಜೋಡಣೆಯಲ್ಲಿ 0.1 ಓಮ್ ತಡೆ ಉಳಿದರೂ 3.2 ಆಂಪ್ ಹರಿದಾಗ ಆ ಒಂದು ಚುಕ್ಕೆಯಲ್ಲಿ 1 ವ್ಯಾಟ್ ಬಿಸಿ ಹುಟ್ಟುತ್ತದೆ. ಕಂಡುಹಿಡಿಯೋದು ಸುಲಭ. ಫೋನ್ ಚಾರ್ಜ್ ಆಗುತ್ತಿರುವಾಗ ಮಲ್ಟಿಮೀಟರ್‌ನಿಂದ ಸೆಲ್ಲಿನ ತುದಿಯಲ್ಲೊಮ್ಮೆ, ಬೂಸ್ಟ್ ಬೋರ್ಡಿನ ಬಾಯಲ್ಲೊಮ್ಮೆ ವೋಲ್ಟೇಜ್ ನೋಡಿ. 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆ ದಾರಿಯ ವೈರು ತೆಳುವಿದೆ ಅಥವಾ ಬೆಸುಗೆ ಕೆಟ್ಟಿದೆ. ದಪ್ಪ ವೈರು, ಗಿಡ್ಡ ವೈರು, ಇಷ್ಟೇ ಔಷಧ.

ಹಗರಿಬೊಮ್ಮನಹಳ್ಳಿಯ ಡಬ್ಬಿ

ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ಸಂಬಂಧಿಕರ ಹುಡುಗನೊಬ್ಬ ಕೊಟ್ಟೂರು ಪಾದಯಾತ್ರೆಗೆ ಅಂತ ಮಾಡಿದ ಡಬ್ಬಿ ಬಿಚ್ಚಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಟಿಪಿ4056 ಬೋರ್ಡ್ ಎರಡು ಥರ ಬರುತ್ತದೆ. ಒಂದರಲ್ಲಿ ಬರೀ ಚಾರ್ಜಿಂಗ್. ಇನ್ನೊಂದರಲ್ಲಿ ಕಾವಲು ಚಿಪ್ಪೂ ಇದೆ. ಸೆಲ್ 2.5 ವೋಲ್ಟಿನ ಆಸುಪಾಸಿಗೆ ಇಳಿದರೆ, ಶಾರ್ಟ್ ಆದರೆ, ಕರೆಂಟ್ ಸುಮಾರು 3 ಆಂಪ್ ದಾಟಿದರೆ ಅದು ಕಟ್ ಮಾಡುತ್ತದೆ. ಅವನದು ಕಾವಲು ಇದ್ದ ಬೋರ್ಡೇ. ಆದರೆ ಬೂಸ್ಟ್ ಬೋರ್ಡಿನ ವೈರು 'ಔಟ್' ಅಂತ ಬರೆದ ಕಡೆ ಇರಲಿಲ್ಲ. ನೇರ ಸೆಲ್ಲಿನ ತುದಿಗೆ ಬೆಸೆದಿದ್ದ.

ಯಾಕಪ್ಪಾ ಅಂದೆ. "ಔಟ್‌ಗೆ ಹಾಕಿದ್ರ ಪದೇ ಪದೇ ಬಂದ್ ಆಕ್ಕಿತ್ತು, ಇಲ್ಲಿ ಹಾಕಿದ ಮ್ಯಾಲೆ ಚಲೋ ನಡೀತೈತಿ" ಅಂದ.

ಬಂದ್ ಆಗ್ತಿದ್ದದ್ದು ದೋಷ ಅಲ್ಲ, ಅದೇ ಉತ್ತರ. ಫಾಸ್ಟ್ ಚಾರ್ಜ್ ಆಗಲಿ ಅಂತ 2 ಆಂಪ್ ಎಳೆದಾಗ ಸೆಲ್ ಕಡೆ 3 ಆಂಪ್ ದಾಟುತ್ತಿತ್ತು, ಕಾವಲುಗಾರ ಬಾಗಿಲು ಹಾಕುತ್ತಿದ್ದ. ಅವನನ್ನು ಮನೆಗೆ ಕಳಿಸಿದ ಮೇಲೆ ಡಬ್ಬಿ 'ಚಲೋ' ನಡೆಯಿತು, ಜೊತೆಗೆ ಕಾಯಿತು. ವೈರು ಔಟ್‌ಗೆ ಬದಲಾಯಿಸಿ, 1 ಆಂಪ್‌ನ ಬೂಸ್ಟ್ ಬೋರ್ಡ್ ಹಾಕಿದೆವು. ಫೋನ್ ತುಂಬಲು ಹೊತ್ತು ಜಾಸ್ತಿ, ಡಬ್ಬಿ ಉಗುರುಬೆಚ್ಚಗಷ್ಟೇ. ಮನೆಯಲ್ಲಿ ಇಂಥದ್ದಿದ್ದರೆ ಮೊದಲು ಈ ಎರಡು ವೈರು ಎಲ್ಲಿವೆ ನೋಡಿ.

ಸೆಲ್ಲೇ ಬಿಸಿಯಾದರೆ

ಇಲ್ಲಿ ಚೌಕಾಸಿ ಬೇಡ. ಲಿಥಿಯಂ ಅಯಾನ್ ಸೆಲ್ ಒಳಗೆ 80-90 ಡಿಗ್ರಿ ದಾಟಿದರೆ ಒಳಪದರ ತಾನೇ ಒಡೆದು ಇನ್ನಷ್ಟು ಬಿಸಿ ಹುಟ್ಟಿಸಲು ಶುರು ಮಾಡುತ್ತದೆ. 130 ಡಿಗ್ರಿ ಹತ್ತಿರ ಎರಡು ಧ್ರುವಗಳ ನಡುವಿನ ಪ್ಲಾಸ್ಟಿಕ್ ಪರದೆ ಕರಗುತ್ತದೆ. ಆಮೇಲೆ ತಡೆಯೋದು ಕಷ್ಟ. 2016ರಲ್ಲಿ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡದ್ದು ಬ್ಯಾಟರಿಯ ದೋಷಕ್ಕೇ. ಲ್ಯಾಬ್ ಇದ್ದವರ ಕಥೆಯೇ ಹಾಗಾದರೆ ಟಿಫಿನ್ ಡಬ್ಬಿ ಯಾವ ಲೆಕ್ಕ?

ಈ ಸೆಲ್ಲುಗಳಿಗೆ, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಸೆಲ್ಲುಗಳಿಗೆ, ಚಾರ್ಜ್ ಮಾಡುವಾಗಿನ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ನಮ್ಮ ಸೀಮೆಯಲ್ಲಿ ಏಪ್ರಿಲ್-ಮೇ ಮಧ್ಯಾಹ್ನ ನೆರಳಲ್ಲೇ 40 ಇರುತ್ತದೆ. ಉಳಿಯೋದು ಬರೀ 5 ಡಿಗ್ರಿ! ಚಿಪ್ಪಿಗೆ ಸೆಲ್ಲಿನ ಬಿಸಿ ತಿಳಿಸಲು ಒಂದು ಕಾಲು ಇದೆ, ಆದರೆ ಅಗ್ಗದ ಬೋರ್ಡುಗಳಲ್ಲಿ ಅದನ್ನು ನೆಲಕ್ಕೆ ಕಟ್ಟಿಬಿಟ್ಟಿರುತ್ತಾರೆ. ಸೆಲ್ ಎಷ್ಟೇ ಕಾದರೂ ಬೋರ್ಡಿಗೆ ಗೊತ್ತಾಗೋದಿಲ್ಲ. ಗೊತ್ತಾಗಬೇಕಾದ್ದು ನಿಮ್ಮ ಕೈಗೆ. ಬೈಕಿನ ಬ್ಯಾಗಲ್ಲಿ, ಬಿಸಿಲಿಗೆ ನಿಂತ ಕಾರಲ್ಲಿ ಇಟ್ಟ ಡಬ್ಬಿಯನ್ನು ತಣ್ಣಗಾಗುವ ತನಕ ಚಾರ್ಜ್‌ಗೆ ಹಾಕಲೇಬೇಡಿ.

ಹಳೇ ಸೆಲ್ ಆರಿಸುವಾಗ:

* 2 ವೋಲ್ಟಿಗಿಂತ ಕೆಳಗಿಳಿದು ಬಿದ್ದಿದ್ದ ಸೆಲ್ ಬೇಡ. ಒಳಗಿನ ತಾಮ್ರ ಕರಗಿ ಶಾರ್ಟ್‌ಗೆ ದಾರಿ ಮಾಡಿರಬಹುದು. ಟಿಪಿ4056 ಅದನ್ನೂ ಸದ್ದಿಲ್ಲದೆ ನಿಧಾನಕ್ಕೆ ಚಾರ್ಜ್ ಮಾಡುತ್ತದೆ, ಅದಕ್ಕೇ ಮೋಸ ಹೋಗೋದು.
* ಪೂರ್ತಿ 4.2 ವೋಲ್ಟ್ ತುಂಬಿ ಒಂದು ವಾರ ಬಿಡಿಯಾಗಿಡಿ. 4 ವೋಲ್ಟಿಗಿಂತ ಕೆಳಗಿಳಿದರೆ ಕೈಬಿಡಿ.
* ಸಮಾನಾಂತರವಾಗಿ ಜೋಡಿಸುವ ಮೊದಲು ಎಲ್ಲ ಸೆಲ್ಲುಗಳ ವೋಲ್ಟೇಜ್ ಒಂದೇ ಇರಲಿ. 4.1ರದಕ್ಕೆ 3.5ರದನ್ನು ಕಟ್ಟಿದರೆ ಒಂದರಿಂದ ಇನ್ನೊಂದಕ್ಕೆ ಹಲವು ಆಂಪ್ ನುಗ್ಗುತ್ತದೆ.
* ಉಬ್ಬಿಲ್ಲ ಅಂತ ಸಮಾಧಾನ ಪಡಬೇಡಿ. ಫೋನ್ ಬ್ಯಾಟರಿ ಉಬ್ಬುತ್ತದೆ, ಇದರದು ಉಕ್ಕಿನ ಕವಚ. ಹೊರಗೆ ಏನೂ ತೋರಿಸದು.

ಐದು ಸೆಕೆಂಡ್ ಬೆರಳಿಡಲು ಆಗದಷ್ಟು ಕಾದಿದ್ದರೆ ಸೆಲ್ ಅಂದಾಜು 55-60 ಡಿಗ್ರಿ ಮುಟ್ಟಿದೆ. ವೈರು ಕಿತ್ತು, ಡಬ್ಬಿಯನ್ನು ಮನೆಯಿಂದಾಚೆ ಬಯಲಿಗೆ ಒಯ್ದಿಡಿ. ಹೊಗೆ, ಸದ್ದು, ಸಿಹಿ ದ್ರಾವಕದ ವಾಸನೆ ಇದ್ದರೆ ಮುಟ್ಟಲೇಬೇಡಿ, ದೂರ ಹೋಗಿ.

ಸ್ಪ್ರೇ ಪಂಪಿನ ಬ್ಯಾಟರಿ

ಔಷಧ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿಗೆ 7805 ಎಂಬ ಮೂರು ಕಾಲಿನ ಚಿಪ್ ಹಾಕಿ ಫೋನ್ ಚಾರ್ಜ್ ಮಾಡುವವರೂ ಇದ್ದಾರೆ. 12 ಬಂದು 5 ಹೋದರೆ ಉಳಿದ 7 ವೋಲ್ಟ್ ಪೂರ್ತಿ ಬಿಸಿ. 1 ಆಂಪ್‌ಗೆ 7 ವ್ಯಾಟ್. ಫೋನಿಗಿಂತ ಹೆಚ್ಚು ಕರೆಂಟ್ ಗಾಳಿಗೆ. ಕಾರಿನ ಸಾಕೆಟ್‌ಗೆ ಹಾಕುವ ಮೊಬೈಲ್ ಚಾರ್ಜರ್ ಮಾಡಿರುವುದೇ 12 ವೋಲ್ಟಿಗೆ. ಅದನ್ನೊಂದು ಫ್ಯೂಸ್ ಸಮೇತ ಜೋಡಿಸಿಕೊಳ್ಳಿ, ಚಿಪ್ ಕಾಯುವ ಗೋಳು ಇರೋದಿಲ್ಲ.

ತೆಗೆದುಹಾಕಿದ ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವ ಕಡೆ ಕೊಡಿ. ಕಸದ ಗಾಡಿಗೆ ಹಾಕಿದರೆ ಬೆಂಕಿ ಅಲ್ಲಿ ಹೊತ್ತಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಇನ್ನು ಡಬ್ಬಿ ಎಷ್ಟೇ ಚೆನ್ನಾಗಿ ಬಂದಿರಲಿ, ರಾತ್ರಿ ಚಾರ್ಜ್‌ಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ಮಲಗಬೇಡಿ. ಕಡಪ ಕಲ್ಲಿನ ಮೇಲೆ, ಕಣ್ಣೆದುರಿಗೆ, ಹಾಸಿಗೆ-ಪರದೆಗಳಿಂದ ದೂರ ಇಡಿ. ಮಾಡಿದವರು ನೀವೇ ಆದ್ದರಿಂದ ಅದರ ಕಾವಲೂ ನಿಮ್ಮದೇ.